ಟೆಂಟ್ ಜಾಗ, ಕ್ಯಾರವಾನ್ ಜಾಗ, ರೆಸಾರ್ಟ್: ಮ್ಯಾಪ್‌ನಲ್ಲಿ ಎಲ್ಲಕ್ಕೂ ಒಂದೇ ಗುರುತಾ?

ಪಾಂಡವಪುರ_ಸೈಕಲ್:
ನಮಸ್ಕಾರ. ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪಾಂಡವಪುರ, ಶ್ರೀರಂಗಪಟ್ಟಣದ ಸುತ್ತಮುತ್ತ ಗುರುತು ಹಾಕುತ್ತಿದ್ದೇನೆ. ಕೆಆರ್‌ಎಸ್ ಹಿನ್ನೀರಿನ ಕಡೆ ಒಬ್ಬರು ತಮ್ಮ ತೋಟದಲ್ಲಿ ಟೆಂಟ್ ಹಾಕೋಕೆ ಬಿಡುತ್ತಾರೆ, ಟೆಂಟ್ ನಾವೇ ತರಬೇಕು. ಇನ್ನೊಂದು ಕಡೆ ಮಂಚ, ಫ್ಯಾನ್, ಬಾತ್‌ರೂಮ್ ಇರುವ ಟೆಂಟ್‌ಗಳು ವರ್ಷಪೂರ್ತಿ ನಿಂತಿರುತ್ತವೆ. ಮೂರನೆಯದು ಹೆದ್ದಾರಿ ಹತ್ತಿರದ ತೆಂಗಿನ ತೋಟ, ಅಲ್ಲಿ ಕ್ಯಾರವಾನ್ (ಒಳಗೇ ಮಲಗೋ ವ್ಯವಸ್ಥೆ ಇರೋ ಗಾಡಿ) ನಿಲ್ಲಿಸಿ ಕರೆಂಟ್ ತಗೋಬಹುದು. ಮೂರರ ಬೋರ್ಡ್ ಮೇಲೂ 'ಕ್ಯಾಂಪ್' ಅಂತಲೇ ಇದೆ. ಎಲ್ಲಕ್ಕೂ ಟೂರಿಸಂ=ಕ್ಯಾಂಪ್_ಸೈಟ್ ಅನ್ನೋ ಟ್ಯಾಗ್ (ಟೆಂಟ್ ಹಾಕೋ ಜಾಗದ ಗುರುತು) ಹಾಕಿಬಿಡಲಾ?

ಕೇಳೋಕೆ ಕಾರಣ ಇದೆ. ಹೋದ ಡಿಸೆಂಬರ್‌ನಲ್ಲಿ ಭಾವನ ಕ್ಯಾರವಾನ್‌ನಲ್ಲಿ ಇಂಥದ್ದೇ ಒಂದು ಟೆಂಟ್ ಗುರುತು ನಂಬಿ ಹೋದೆವು. ಕೊನೆಗೆ ದಾರಿ ಕಾಲುವೆ ಏರಿ ಮೇಲೆ ಹೋಯಿತು, ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬಿನ ಗದ್ದೆ. ತಿರುಗಿಸೋಕೂ ಜಾಗ ಇಲ್ಲ. ನಾನು ಮೊಬೈಲ್ ಟಾರ್ಚ್ ಹಿಡಿದು ಹಿಂದೆ ಹಿಂದೆ ನಡೆದೆ, ಭಾವ ರಿವರ್ಸ್‌ನಲ್ಲೇ ಡಾಂಬರು ರಸ್ತೆವರೆಗೂ ತಂದರು. ಬೇರೆಯವರಿಗೆ ಹೀಗಾಗಬಾರದು.

ನಕ್ಷೆ_ಮೈಸೂರು:
ಬೋರ್ಡ್ ನೋಡಬೇಡಿ ಗುರುಗಳೇ. ಮಲಗೋದು ನಮ್ಮ ಟೆಂಟ್‌ನಲ್ಲಾ, ಅವರ ಟೆಂಟ್‌ನಲ್ಲಾ ಅಂತ ಮೊದಲು ಕೇಳಿ. ನಿಮ್ಮ ಮೊದಲನೆಯದು ಕ್ಯಾಂಪ್_ಸೈಟ್, ಅನುಮಾನವೇ ಬೇಡ. ಕ್ಯಾರವಾನ್ ಹೋಗಲ್ಲ ಅಂದರೆ ಕ್ಯಾರವಾನ್ಸ್=ನೋ ಅಂತ ಮರೀದೆ ಹಾಕಿ, ನಿಮ್ಮನ್ನು ಆ ರಾತ್ರಿ ಕಾಪಾಡುತ್ತಿದ್ದದ್ದು ಅದೊಂದೇ ಸಾಲು. ತೆಂಗಿನ ತೋಟ ಮುಖ್ಯವಾಗಿ ಗಾಡಿಗಳಿಗೇ ಇದ್ದರೆ ಟೂರಿಸಂ=ಕ್ಯಾರವಾನ್_ಸೈಟ್, ಜೊತೆಗೆ ಪವರ್_ಸಪ್ಲೈ=ಯೆಸ್. ಅಮೆರಿಕದಲ್ಲಿ ಇಂಥ ಗಾಡಿ ನಿಲ್ಲಿಸೋ ಎಷ್ಟೋ ಆರ್‌ವಿ ಪಾರ್ಕ್‌ಗಳಲ್ಲಿ ನೀರು, ಕರೆಂಟ್, ಕೊಳಚೆ ಪೈಪು ಮೂರೂ ಒಂದೊಂದು ಗಾಡಿ ನಿಲ್ಲೋ ಜಾಗಕ್ಕೇ ಬರುತ್ತವೆ, 30 ಆಂಪ್, 50 ಆಂಪ್ ಅಂತ ಬೇರೆ ಬೇರೆ ಪ್ಲಗ್ ಇರುತ್ತದೆ. ನಮ್ಮಲ್ಲಿ ಪಂಪ್‌ಸೆಟ್ ಮನೆಯಿಂದ ಎಳೆದ ಒಂದು ವೈರ್ ಇದ್ದರೂ ಅದನ್ನೇ ಬರೆಯಿರಿ, ಇಲ್ಲದ್ದನ್ನು ಸೇರಿಸಬೇಡಿ. ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡೋಕೆ ವ್ಯವಸ್ಥೆ ಇದ್ದರೆ ಮಾತ್ರ ಸ್ಯಾನಿಟರಿ_ಡಂಪ್_ಸ್ಟೇಷನ್=ಯೆಸ್. ಮಂಚ, ಫ್ಯಾನ್ ಇರೋದನ್ನು ನಾನಾದರೆ ರೆಸಾರ್ಟ್ ಅಂತಲೇ ಹಾಕ್ತೀನಿ.

ಮಳವಳ್ಳಿ_ಹುಡುಗ:
ನಕ್ಷೆ ಸರ್ ಹೇಳಿದ್ದು ಸರಿ. ನಮ್ಮ ಭೀಮೇಶ್ವರಿಯನ್ನೇ ನೋಡಿ, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅವರದ್ದಕ್ಕೆ ಎಲ್ಲರೂ ಕ್ಯಾಂಪ್ ಅಂತಾರೆ, ಆದರೆ ಉಳಿಯೋದು ಅವರು ಕಟ್ಟಿರೋ ಟೆಂಟ್, ಕಾಟೇಜ್‌ನಲ್ಲಿ. ಇನ್ನೊಂದು ಮಾತು. ಮುತ್ತತ್ತಿ ಕಡೆ ಹೊಳೆ ದಡದಲ್ಲಿ ಮೂರು ಕಲ್ಲು, ಬೂದಿ ಕಂಡ ತಕ್ಷಣ ಕೆಲವರು ಬ್ಯಾಕ್‌ಕಂಟ್ರಿ=ಯೆಸ್ (ಸೌಕರ್ಯ ಇಲ್ಲದ, ಕಾಡಿನೊಳಗಿನ ಟೆಂಟ್ ಜಾಗ) ಅಂತ ಹಾಕಿಬಿಡ್ತಾರೆ. ಅದು ಕಾವೇರಿ ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಲ್ಲಿ ಉಳಿಯೋಕೆ ಅನುಮತಿ ಬೇಕು. ಆನೆ ನೀರಿಗೆ ಇಳಿಯೋ ಜಾಗ ಅಣ್ಣ, ದಯವಿಟ್ಟು ಹಾಕಬೇಡಿ.

ಪಾಂಡವಪುರ_ಸೈಕಲ್:
ತುಂಬಾ ಥ್ಯಾಂಕ್ಸ್. ಹಿನ್ನೀರಿನ ತೋಟಕ್ಕೆ ಭಾನುವಾರ ಇನ್ನೊಮ್ಮೆ ಹೋಗ್ತೀನಿ. ಅಲ್ಲಿ ಬೋರ್‌ವೆಲ್ ನೀರು ಬರೋ ಒಂದು ನಲ್ಲಿ ಇದೆ, ಆದರೆ ಆ ನೀರು ಕುಡಿಯೋಕೆ ಆಗುತ್ತಾ ಅಂತ ಕೇಳಿರಲಿಲ್ಲ. ಗೇಟ್ ಅಗಲವನ್ನೂ ಟೇಪ್ ಹಿಡಿದು ಅಳೆದುಕೊಂಡು ಬರ್ತೀನಿ.