ಪ್ರೆಗ್ನೆನ್ಸಿಲಿ ನನಗೆ ಬಿಪಿ ಇತ್ತು, ಮಗಳಿಗೂ ಬರುತ್ತಾ? ಅನುಭವ ಇರೋರು ಹೇಳಿ

ಎಂಟನೇ ತಿಂಗಳಲ್ಲಿ ಬಿಪಿ ಏರಿ ಯೂರಿನ್‌ನಲ್ಲಿ ಪ್ರೋಟೀನ್ ಹೋಗ್ತಿದೆ ಅಂತ ಬೇಗ ಸಿಸೇರಿಯನ್ ಮಾಡಿದ್ರು. ಮಗಳಿಗೀಗ 4 ವರ್ಷ, ಆರಾಮಾಗಿದಾಳೆ. ಆದ್ರೆ ಅತ್ತೆ "ಉಪ್ಪಿನಕಾಯಿ ತಿಂದು ತಿಂದು ನೀನೇ ತರಿಸ್ಕೊಂಡೆ, ಇನ್ನು ಮಗೂಗೂ ಅದೇ" ಅಂತಾನೇ ಇರ್ತಾರೆ. ಏನಾದ್ರೂ ಚೆಕ್ ಮಾಡಿಸ್ಬೇಕಾ?

ಹಾಸನದವಳು: ಅಕ್ಕ, ನಂದೂ ಸೇಮ್ ಕೇಸ್. ಮಗ ಹೈಸ್ಕೂಲಲ್ಲಿದಾನೆ, ಬಿಪಿ ಸರಿಯಾಗೇ ಇದೆ. ವರ್ಷಕ್ಕೊಂದ್ಸಲ ನೋಡಿಸ್ತೀವಿ ಅಷ್ಟೇ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಕೇಳಿ, ಮಕ್ಕಳ ಕಫ್ (ಬಿಪಿ ನೋಡೋವಾಗ ತೋಳಿಗೆ ಸುತ್ತೋ ಪಟ್ಟಿ) ಇದೆಯಾ ಅಂತ. ನಮ್ಮ ಕಡೆ ಕ್ಲಿನಿಕ್‌ನಲ್ಲಿ ದೊಡ್ಡೋರದ್ದನ್ನೇ ಪುಟ್ಟ ತೋಳಿಗೆ ಸುತ್ತಿ ನಾರ್ಮಲ್ ಅಂದುಬಿಟ್ರು, ಕಫ್ ದೊಡ್ಡದಾದ್ರೆ ರೀಡಿಂಗ್ ಇರೋದಕ್ಕಿಂತ ಕಮ್ಮಿ ಬರುತ್ತೆ, ಚಿಕ್ಕದಾದ್ರೆ ಜಾಸ್ತಿ. ಅಳ್ತಿರೋವಾಗ ನೋಡಿದ್ದೂ ಲೆಕ್ಕಕ್ಕಿಲ್ಲ.

ನರ್ಸಮ್ಮ, ಮೈಸೂರು: ತಾಯಿಗೆ ಪ್ರಿಎಕ್ಲಾಂಪ್ಸಿಯಾ (ನಿಮಗಾದ ಹಾಗೆ ಬಸುರಿಲಿ ಬಿಪಿ ಏರಿ ಯೂರಿನ್‌ನಲ್ಲಿ ಪ್ರೋಟೀನ್ ಹೋಗೋದು) ಆಗಿದ್ರೆ ಮಕ್ಕಳಿಗೆ ಮೇಲಿನ ಬಿಪಿ (ಎರಡು ಅಂಕಿಲಿ ಮೊದಲನೇದು) ಸರಾಸರಿ 2 ಪಾಯಿಂಟ್ ಆಸುಪಾಸು ಜಾಸ್ತಿ ಇರುತ್ತೆ ಅಂತ ಸ್ಟಡಿಗಳಲ್ಲಿ ಬಂದಿದೆ, ಅಂದ್ರೆ ಬಂದೇ ಬರುತ್ತೆ ಅಂತಲ್ಲ. ತಿಂಗಳು ತುಂಬೋ ಮುಂಚೆ ಅಥವಾ ತೂಕ ಕಮ್ಮಿ ಹುಟ್ಟಿದ ಮಕ್ಕಳಿಗೆ ಕಿಡ್ನಿಲಿ ಸೋಸೋ ಘಟಕಗಳು ಕಮ್ಮಿ ಇರಬಹುದು, ಅದೂ ಒಂದು ಕಾರಣ. ಶುಗರ್ ಇದ್ದೋರೂ ಕೇಳಿಸ್ಕೊಳ್ಳಿ, ನಮ್ಮೂರ ಹೋಲ್ಡ್ಸ್‌ವರ್ತ್ ಆಸ್ಪತ್ರೆಲಿ 1997-98ರಲ್ಲಿ ಬಸುರಿ ಹೆಂಗಸರನ್ನ ಸೇರಿಸ್ಕೊಂಡು ಶುರುವಾದ ಸ್ಟಡಿಲಿ ಮಕ್ಕಳು ಒಂಬತ್ತೂವರೆ ವರ್ಷಕ್ಕೆ ಬಂದಾಗ ನೋಡಿದ್ರೆ, ಬಸುರಿಲಿ ಶುಗರ್ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಮೈಕೊಬ್ಬೂ ಮೇಲಿನ ಬಿಪಿನೂ ಜಾಸ್ತಿ ಇತ್ತು. 3 ವರ್ಷದಿಂದ ವರ್ಷಕ್ಕೊಮ್ಮೆ ನೋಡಿ ಅಂತ ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಗೈಡ್‌ಲೈನ್, 2017ರದ್ದು. ಆಮೇಲೆ 120/80 ಅನ್ನೋ ಲೆಕ್ಕ ಪುಟ್ಟ ಮಕ್ಕಳಿಗೆ ಹಾಕ್ಬೇಡಿ, ವಯಸ್ಸು, ಎತ್ತರ, ಗಂಡೋ ಹೆಣ್ಣೋ ನೋಡಿ ಚಾರ್ಟ್‌ನಲ್ಲಿ ಹೋಲಿಸ್ಬೇಕು.

ದಾವಣಗೆರೆ ಅಪ್ಪ: ನಮ್ಮಮ್ಮನೂ ಉಪ್ಪಿನಕಾಯಿ ರಾಗಾನೇ ಹಾಡ್ತಿದ್ರು. ಪ್ರಿಎಕ್ಲಾಂಪ್ಸಿಯಾ ಶುರುವಾಗೋದು ಮಾಸು ಸರಿಯಾಗಿ ಬೇರೂರದೇ ಇರೋದ್ರಿಂದ, ಊಟದಿಂದಲ್ಲ ಅಂತ ಡಾಕ್ಟರ್ ಬಾಯಲ್ಲೇ ಹೇಳಿಸಿದ್ಮೇಲೆ ಸುಮ್ನಾದ್ರು. ನೀವೂ ಅತ್ತೇನ ಒಂದ್ಸಲ ಜೊತೆಗೆ ಕರ್ಕೊಂಡು ಹೋಗಿ.

ನರ್ಸಮ್ಮ, ಮೈಸೂರು: ಇನ್ನೊಂದು ಮರೆತೆ. ಹೀಗಾಗಿದ್ದೋರಿಗೆ ಮುಂದೆ ಸ್ವಂತಕ್ಕೇ ಬಿಪಿ, ಹಾರ್ಟ್ ತೊಂದರೆ ಬರೋ ಸಾಧ್ಯತೆ ಮಗೂಗಿಂತ ದೊಡ್ಡದು. ಹೆರಿಗೆ ಆದ್ಮೇಲೆ ನಿಮ್ಮ ಬಿಪಿ ಯಾವಾಗ ನೋಡಿಸಿದ್ರಿ ತಾಯಿ?