ಹಳೇ ಡೀಸೆಲ್ ಕಾರು ದಿನಾ ಓಡಿಸುವವರಿಗೆ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಮೆಕ್ಯಾನಿಕ್: ಎಲ್ಲರಿಗೂ ನಮಸ್ಕಾರ. ಕಾರು ಎಷ್ಟು ಹಳೆಯದು, ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ ಅಂತ ಬರೆದು ಕೇಳಿ. ಹೊಗೆ ಬರುತ್ತಿದ್ದರೆ ಅದರ ಬಣ್ಣ ಹೇಳಿ.

ಬೆಳಗಿನ ಪಾಳಿ: ಅಣ್ಣ, 12 ವರ್ಷದ ಗಾಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಸ್ವಲ್ಪ ನಡುಕ. ಒಂದು ನಿಮಿಷಕ್ಕೆ ಸರಿಹೋಗುತ್ತದೆ.

ಮೆಕ್ಯಾನಿಕ್: ಗ್ಲೋ ಪ್ಲಗ್ ಚೆಕ್ ಮಾಡಿಸಿ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಎಂಜಿನ್ ತಣ್ಣಗಿದ್ದಾಗ ಆ ಬಿಸಿ ಸಾಲದು, ಅದಕ್ಕೇ ಗ್ಲೋ ಪ್ಲಗ್. ಒಂದು ಕೈಕೊಟ್ಟರೂ ಆ ಸಿಲಿಂಡರ್‌ನ ಡೀಸೆಲ್ ಪೂರ್ತಿ ಉರಿಯದೆ ಬಿಳಿ ಹೊಗೆಯಾಗಿ ಬರುತ್ತದೆ. ಎಂಜಿನ್ ಬಿಸಿಯಾದ ಮೇಲೂ ಹೊಗೆ ನಿಲ್ಲದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ನೋಡಿಸಬೇಕು.

ಸೆಕೆಂಡ್ ಹ್ಯಾಂಡ್: ಸರ್, ಹೋದ ತಿಂಗಳು ಹಳೇ ಡೀಸೆಲ್ ತಗೊಂಡೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಹಿಂದಿನ ಓನರ್‌ಗೇ ಗೊತ್ತಿಲ್ಲ. ಏನು ಮಾಡಲಿ?

ನಾಲ್ಕು ಕಿಲೋಮೀಟರ್: ನಮಸ್ತೆ ಸರ್. 10 ವರ್ಷದ ಕಾರು, ಮ್ಯಾನುಯಲ್ ಗೇರ್. ಮನೆಯಿಂದ ಆಫೀಸು 4 ಕಿಲೋಮೀಟರ್, ಅಷ್ಟೇ ಓಡಾಟ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಮ್ಯಾಕ್ಸ್ ಗೆರೆಗಿಂತ ಎರಡು ಬೆರಳು ಮೇಲಿದೆ. ನಾನು ಆಯಿಲ್ ಹಾಕಿಸಿಲ್ಲ. ನಿನ್ನೆ ಕೀ ಆಫ್ ಮಾಡಿದ ಮೇಲೂ ಎಂಜಿನ್ ಎರಡು ಮೂರು ಸೆಕೆಂಡ್ ಓಡಿತು. ಇದು ಮಾಮೂಲಿನಾ?

ಮೆಕ್ಯಾನಿಕ್: ಮಾಮೂಲಿ ಅಲ್ಲ ಮೇಡಂ. ದಯವಿಟ್ಟು ಕಾರು ಸ್ಟಾರ್ಟ್ ಮಾಡಬೇಡಿ. ಗ್ಯಾರೇಜ್‌ವರೆಗೂ ಓಡಿಸಬೇಡಿ, ಟೋ ಮಾಡಿಸಿ.

ಎಂಜಿನ್ ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಅದಕ್ಕೆ ಏನೋ ಸೇರಿಕೊಳ್ಳುತ್ತಿದೆ, ಬಹುಪಾಲು ಡೀಸೆಲ್. ಡಿಪ್‌ಸ್ಟಿಕ್ ಮೂಸಿ ನೋಡಿ. ಬೆರಳಲ್ಲಿ ಉಜ್ಜಿದರೆ ಆಯಿಲ್ ನೀರುನೀರಾಗಿರುತ್ತದೆ. ಟಿಶ್ಯೂ ಪೇಪರ್ ಮೇಲೆ ಒಂದು ಹನಿ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ನಡುವೆ ಕಪ್ಪು ಕಲೆ, ಅದರಾಚೆ ತೆಳು ಬಣ್ಣದ ದೊಡ್ಡ ಉಂಗುರ ಹರಡಿದರೆ ಡೀಸೆಲ್ ಇರುವ ಸುಳಿವು.

ನಿಮ್ಮ ಕಾರಿಗೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ, 4 ಕಿಲೋಮೀಟರ್ ಓಡಾಟವೇ ಕಾರಣ ಇರಬಹುದು. ಆ ಫಿಲ್ಟರ್‌ನಲ್ಲಿ ಕೂತ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕಾಗಿ ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಅರ್ಧದಲ್ಲೇ ಆಫೀಸು ಬಂತು, ನೀವು ಆಫ್ ಮಾಡಿದಿರಿ. ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗೆ ಆಯಿಲ್‌ಗೆ ಇಳಿಯುತ್ತದೆ. ದಿನಾ ಇದೇ ಆದರೆ ಮಟ್ಟ ಏರುತ್ತಲೇ ಹೋಗುತ್ತದೆ. ಡಿಪಿಎಫ್ ಇಲ್ಲದಿದ್ದರೆ ಸೋರುವ ಇಂಜೆಕ್ಟರ್ ಅಥವಾ ಪಂಪ್ ಸೀಲ್ ಮೇಲೆ ಅನುಮಾನ.

ನನಗೆ ಭಯ ಇರುವುದು ಆ ಮೂರು ಸೆಕೆಂಡ್ ಬಗ್ಗೆ. ಕೀ ಆಫ್ ಮಾಡಿದರೆ ಇಂಜೆಕ್ಟರ್‌ಗೆ ಡೀಸೆಲ್ ನಿಲ್ಲುತ್ತದೆ, ಅಷ್ಟೇ. ಮಟ್ಟ ಜಾಸ್ತಿಯಾದ ಆಯಿಲ್ ಬ್ರೀದರ್ ಪೈಪ್‌ನಿಂದ (ಎಂಜಿನ್ ಒಳಗಿನ ಆವಿ ಹೊರಹೋಗುವ ಪೈಪ್) ಗಾಳಿಯ ದಾರಿಗೆ ಸೇರಿದರೆ ಎಂಜಿನ್ ಅದನ್ನೇ ಸುಟ್ಟುಕೊಂಡು ಓಡುತ್ತದೆ. ಕೀ ಮಾತು ಕೇಳುವುದಿಲ್ಲ. ವೇಗ ಏರುತ್ತಾ ಹೋಗಿ ಎಂಜಿನ್ ಒಡೆಯಬಹುದು. ನಿಂತ ಕಾರಿನಲ್ಲಿ ಹಾಗಾದರೆ ಕ್ಲಚ್ ಒತ್ತಿ, ಮೇಲಿನ ಗೇರ್‌ಗೆ ಹಾಕಿ, ಬ್ರೇಕ್ ಪೂರ್ತಿ ತುಳಿದು, ಕ್ಲಚ್ ಬಿಡಿ. ಆಫ್ ಆಗುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಇದು ನಡೆಯುವುದಿಲ್ಲ, ಎಲ್ಲರೂ ಇಳಿದು ದೂರ ನಿಲ್ಲಿ. ಬಾನೆಟ್ ಎತ್ತಿ ಗಾಳಿ ಪೈಪ್‌ಗೆ ಕೈ ಅಡ್ಡ ಇಡಲು ಯಾರೂ ಹೋಗಬೇಡಿ.

ಶುಭೋದಯ: ಒಂದು ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ. ಟ್ಯಾಂಕ್‌ಗೆ ಒಂದು ಲೀಟರ್ ಸೀಮೆಎಣ್ಣೆ ಹಾಕಿದರೆ ಇಂಜೆಕ್ಟರ್ ಕ್ಲೀನ್ ಆಗಿ ಮೈಲೇಜ್ ಜಾಸ್ತಿಯಾಗುತ್ತದಂತೆ 🙏

ಮೆಕ್ಯಾನಿಕ್: ಹಾಕಬೇಡಿ. ಪಂಪ್ ಒಳಗಿನ ಭಾಗಗಳಿಗೆ ಡೀಸೆಲ್ಲೇ ಗ್ರೀಸು. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಕಡಿಮೆ. ಕಾಮನ್ ರೈಲ್ ಎಂಜಿನ್‌ನಲ್ಲಿ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಪೈಪ್‌ನಿಂದ ಡೀಸೆಲ್ ಹೋಗುವ ಎಂಜಿನ್) ಒತ್ತಡ ಸಾವಿರ ಬಾರ್ ದಾಟುತ್ತದೆ, ಅಲ್ಲಿ ಪಂಪ್ ಸವೆದು ಲೋಹದ ಪುಡಿ ಇಂಜೆಕ್ಟರ್‌ಗೆ ಹೋದರೆ ಎಲ್ಲಾ ಬದಲಾಯಿಸಬೇಕಾಗುತ್ತದೆ.

ಶುಭೋದಯ: ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷ ಹಾಕಿದ್ದಾರೆ, ಏನೂ ಆಗಿಲ್ಲ.

ಮೆಕ್ಯಾನಿಕ್: ಅವರ ಕಾಲದ ಪಂಪ್ ಬೇರೆ. ಕಳಿಸುವ ಮೊದಲು ಒಮ್ಮೆ ಕೇಳಿ, ಅಲ್ವಾ?

ಹೈವೇ ಪ್ರೇಮಿ: ಮೇಡಂ, ಡಿಪಿಎಫ್ ಕಿತ್ತು ಹಾಕಿಸಿ, ತಲೆನೋವೇ ಇರಲ್ಲ.

ಮೆಕ್ಯಾನಿಕ್: ಹಲವು ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ಆ ಮಸಿ ಹಿಂದೆ ಬರುವವರ ಎದೆಗೆ ಹೋಗುತ್ತದೆ. ಇಂಜೆಕ್ಟರ್ ಸೋರುತ್ತಿದ್ದರೆ ಕಿತ್ತರೂ ಸೋರುತ್ತದೆ.

ಗುಂಡಿ ರಸ್ತೆ: ಸರ್, ಬೆಳಗ್ಗೆ ಬಿಳಿ ಹೊಗೆ ಬರುತ್ತದೆ, ಯಾಕೆ?

ಮೆಕ್ಯಾನಿಕ್: ಮೇಲೆ ಹೇಳಿದ್ದೇನೆ.

ಹೈವೇ ಪ್ರೇಮಿ: ಡೀಸೆಲ್ ಗಾಡಿ ಬೆಳಗ್ಗೆ ಹತ್ತು ನಿಮಿಷ ಸುಮ್ನೆ ಓಡಲು ಬಿಡಬೇಕು. ಅದಕ್ಕೇ ಇವರಿಗೆಲ್ಲಾ ತೊಂದರೆ.

ಬೆಳಗಿನ ಪಾಳಿ: ತಪ್ಪು. ನಿಂತಲ್ಲೇ ಓಡಿದರೆ ಡೀಸೆಲ್ ಎಂಜಿನ್ ಬಿಸಿಯಾಗುವುದೇ ನಿಧಾನ, ಮಸಿ ಕೂರುತ್ತದೆ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಡಬೇಕು.

ಹೈವೇ ಪ್ರೇಮಿ: ನಿಮ್ಮದೇ ಗಾಡಿ ನಡುಗುತ್ತಿದೆ, ನಮಗೆ ಪಾಠ ಬೇರೆ.

ಬೆಳಗಿನ ಪಾಳಿ: ನನ್ನ ಗಾಡಿ ವಿಷಯ ನಾನು ಕೇಳಿದ್ದು ಮೆಕ್ಯಾನಿಕ್ ಅಣ್ಣನನ್ನ. ನಿಮ್ಮನ್ನಲ್ಲ.

ಹೈವೇ ಪ್ರೇಮಿ: ಗ್ರೂಪ್ ಯಾರಪ್ಪನ ಆಸ್ತಿನೂ ಅಲ್ಲ.

ಮೆಕ್ಯಾನಿಕ್: ಇಬ್ಬರೂ ಸಾಕು ಮಾಡಿ. ಬೆಳಗಿನ ಪಾಳಿ ಹೇಳಿದ್ದು ಸರಿ.

ಸೆಕೆಂಡ್ ಹ್ಯಾಂಡ್: ಸರ್, ನನ್ನ ಟೈಮಿಂಗ್ ಬೆಲ್ಟ್ ಪ್ರಶ್ನೆ?

ಶುಭೋದಯ: ಇನ್ನೊಂದು ಬಂದಿದೆ, ಟ್ಯಾಂಕ್‌ಗೆ ಕರ್ಪೂರ

ಮೆಕ್ಯಾನಿಕ್: ಬೇಡ. ಇನ್ನು ಇಂಥದ್ದು ಹಾಕಿದರೆ ನಾನು ಉತ್ತರಿಸುವುದಿಲ್ಲ.

ಗುಂಡಿ ರಸ್ತೆ: ಮೇಲೆ ಅಂದರೆ ಎಲ್ಲಿ ಸರ್? ಒಂದು ಸಾಲು ಹೇಳಿದರೆ ಗಂಟೇನು ಹೋಗುತ್ತದೆ?

ನಾಲ್ಕು ಕಿಲೋಮೀಟರ್: ಸರ್, ಟಿಶ್ಯೂ ನೋಡಿದೆ. ಉಂಗುರ ಬಂದಿದೆ, ವಾಸನೆಯೂ ಇದೆ. ಕಾರಿಗೆ ಡಿಪಿಎಫ್ ಇದೆ. ಟೋ ಗಾಡಿಗೆ ಹೇಳಿದ್ದೇನೆ. ಗ್ಯಾರೇಜ್‌ನವರು ಆಯಿಲ್ ಬದಲಾಯಿಸಿದರೆ ಸಾಕು ಅನ್ನುತ್ತಿದ್ದಾರೆ.

ಮೆಕ್ಯಾನಿಕ್: ಸಾಲದು. ಆಯಿಲ್, ಆಯಿಲ್ ಫಿಲ್ಟರ್ ಬದಲಾಯಿಸಲೇಬೇಕು. ಆದರೆ ಡೀಸೆಲ್ ಇಳಿದಿದ್ದು ಹೇಗೆ ಅಂತ ಗೊತ್ತಾಗದಿದ್ದರೆ ಮತ್ತೆ ಅದೇ ಆಗುತ್ತದೆ. ಇಂಜೆಕ್ಟರ್ ಟೆಸ್ಟ್ ಮಾಡಿಸಿ, ಡಿಪಿಎಫ್ ಪ್ರೆಶರ್ ಸೆನ್ಸರ್ ನೋಡಲು ಹೇಳಿ. ಟರ್ಬೊದಿಂದ ಬರುವ ಗಾಳಿ ಪೈಪ್ ಬಿಚ್ಚಿಸಿ, ಒಳಗೆ ನಿಂತ ಆಯಿಲ್ ಒರೆಸಿ ತೆಗೆಯುವವರೆಗೆ ಸ್ಟಾರ್ಟ್ ಮಾಡಲು ಬಿಡಬೇಡಿ. ಹೊಸ ಆಯಿಲ್ ಡಿಪಿಎಫ್‌ಗೆ ಹೊಂದುವ ಕಡಿಮೆ ಬೂದಿಯದ್ದೇ ಇರಲಿ. ಎಲ್ಲಾ ಸರಿಯಾದ ಮೇಲೆ ವಾರಕ್ಕೊಮ್ಮೆಯಾದರೂ ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸಿ. ಅದು ಆಗುವುದಿಲ್ಲ ಅಂದರೆ 4 ಕಿಲೋಮೀಟರ್‌ಗೆ ಈ ಕಾರು ಬೇಡ ಮೇಡಂ, ಪೆಟ್ರೋಲ್ ಗಾಡಿ ನೋಡಿ.