11 ವರ್ಷಗಳಿಂದ ಒಂದೇ ಕೆಲಸ: ನನ್ನ ಸಾಮರ್ಥ್ಯ ಇಷ್ಟೇ ಎಂದು ಒಪ್ಪಿಕೊಳ್ಳಬೇಕೇ?

ಪ್ರಶ್ನೆ (ರಾಜಾಜಿನಗರದಿಂದ)

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ವಿಭಾಗದಲ್ಲಿದ್ದೇನೆ. ಡಿಪ್ಲೊಮಾ ಮುಗಿಸಿ ಇಲ್ಲಿಗೆ ಸೇರಿ 11 ವರ್ಷಗಳಾದವು. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದಿಂದ ಬರುವ ಶಾಫ್ಟ್ (ದಂಡ) ಮತ್ತು ಬುಷ್‌ಗಳನ್ನು (ಟೊಳ್ಳು ಉರುಳೆ) ಮೈಕ್ರೋಮೀಟರ್, ಒಳವ್ಯಾಸ ನೋಡುವ ಬೋರ್ ಗೇಜುಗಳಲ್ಲಿ ಅಳೆದು, ಡ್ರಾಯಿಂಗಿನಲ್ಲಿ ಕೊಟ್ಟಿರುವ ಮಿತಿಯೊಳಗೆ ಇವೆಯೇ ಎಂದು ನೋಡಿ, ಪಾಸ್ ಅಥವಾ ರಿಜೆಕ್ಟ್ ಎಂದು ಬರೆಯುವುದು ನನ್ನ ದಿನನಿತ್ಯದ ಕೆಲಸ.

ಕಳೆದ ತಿಂಗಳು ನಮ್ಮನ್ನೆಲ್ಲ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿ, ಒಳಗಿನ ಶಕ್ತಿಯನ್ನು ಹೊರತರುವುದು ಹೇಗೆ ಎಂಬ ವಿಷಯವಾಗಿ ಎರಡು ದಿನಗಳ ಶಿಬಿರ ನಡೆಸಿದರು. ಐದು ವರ್ಷಗಳ ನಂತರ ಎಲ್ಲಿರುತ್ತೀರಿ ಎಂಬುದನ್ನು ಕಣ್ಣು ಮುಚ್ಚಿ ಊಹಿಸಿಕೊಳ್ಳಿ ಎಂದಾಗ ನನಗೆ ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಆದರೆ ಸೋಮವಾರ ಅದೇ ಸ್ಟೂಲಿನ ಮೇಲೆ, ಅಳತೆಗೆ ಬಳಸುವ ಅದೇ ಸಮತಟ್ಟಾದ ಗ್ರಾನೈಟ್ ಸರ್ಫೇಸ್ ಪ್ಲೇಟಿನ ಮುಂದೆ ಕುಳಿತ ಮೇಲೆ ಒಂದು ವಾರದೊಳಗೆ ಎಲ್ಲವೂ ಆರಿಹೋಯಿತು. ನನಗಿಂತ ಚಿಕ್ಕವರು ಬಿ.ಇ. ಮುಗಿಸಿ ಬಂದು ಸಿಎಂಎಂ (ಭಾಗಗಳನ್ನು ಕಂಪ್ಯೂಟರಿನ ನೆರವಿನಿಂದ ಅಳೆಯುವ) ಯಂತ್ರದ ಪ್ರೋಗ್ರಾಮಿಂಗ್‌ಗೆ ಹೋಗುತ್ತಿದ್ದಾರೆ. ಮೀಟಿಂಗುಗಳು ಇಂಗ್ಲಿಷಿನಲ್ಲಿ ನಡೆಯುವುದರಿಂದ, ಯಂತ್ರದಲ್ಲಿ ಏನು ದೋಷವಿದೆ ಎಂದು ನನಗೆ ತಿಳಿದಿದ್ದರೂ ಬಾಯಿ ಬಿಡುವುದಿಲ್ಲ. ಸಾಮರ್ಥ್ಯವೆಂಬುದು ಬೆಳೆಯುವಂಥದ್ದೇ, ಅಥವಾ ಹುಟ್ಟಿನಿಂದ ಬಂದಷ್ಟೇ ಇರುವಂಥದ್ದೇ? ಕೆಲಸ ಬಿಡುವುದೊಂದೇ ದಾರಿಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಜಾಲಹಳ್ಳಿಯಿಂದ)

ನಾನು ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಅಪ್ರೆಂಟಿಸ್ ಹುಡುಗರಿಗೆ ತರಬೇತಿ ಕೊಟ್ಟು ನಿವೃತ್ತನಾದವನು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಪ್ರಶ್ನೆಗೆ ನನ್ನ ಉತ್ತರ, ಬೆಳೆಯುತ್ತದೆ ಎಂಬುದೇ. ಅದು ಬೆಳೆದದ್ದನ್ನು ವರ್ಷ ವರ್ಷವೂ ಕಣ್ಣಾರೆ ನೋಡಿದ್ದೇನೆ.

ಅಪ್ರೆಂಟಿಸ್ ಆಗಿ ಸೇರಿದಾಗ ನನ್ನ ಕೈಗೆ ಒಂದು ಕಬ್ಬಿಣದ ತುಂಡನ್ನೂ ಒಂದು ಅರವನ್ನೂ ಕೊಟ್ಟು, ಆರು ಮುಖಗಳೂ ಚೌಕವಾಗುವಂತೆ ಉಜ್ಜು ಎಂದರು. ಉಜ್ಜಿದ ಮುಖವನ್ನು, ನೀಲಿ ಬಣ್ಣ ಸವರಿದ ಸರ್ಫೇಸ್ ಪ್ಲೇಟಿನ ಮೇಲೆ ಮೆಲ್ಲಗೆ ಆಡಿಸಿದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ನೀಲಿ ಅಂಟುತ್ತದೆ. ಮತ್ತೆ ಅಷ್ಟನ್ನೇ ಉಜ್ಜಬೇಕು. ನಮ್ಮ ಗುರುಗಳು, ಲಂಬಕೋನ ಸರಿಯಿದೆಯೇ ಎಂದು ನೋಡುವ ಟ್ರೈ ಸ್ಕ್ವೇರನ್ನು ತುಂಡಿಗೆ ಒತ್ತಿ ಹಿಡಿದು ಕಿಟಕಿಯ ಕಡೆ ತಿರುಗಿಸುತ್ತಿದ್ದರು. ಇನ್ನೂ ಚೆನ್ನಾಗಿ ಮಾಡು ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಬೆಳಕು ನುಸುಳುತ್ತಿದ್ದ ಜಾಗವನ್ನು ಕಿರುಬೆರಳಿನಿಂದ ತೋರಿಸಿ ಮುಂದೆ ಹೋಗುತ್ತಿದ್ದರು. ಮೂರು ತಿಂಗಳು ಹೀಗೇ ನಡೆಯಿತು. ಆಮೇಲೆ ತಪ್ಪು ಆಗುವ ಮೊದಲೇ ಅಂಗೈಗೆ ತಿಳಿಯತೊಡಗಿತು.

ಆಂಡರ್ಸ್ ಎರಿಕ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 1993ರಲ್ಲಿ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದ ಮಾತ್ರಕ್ಕೆ ಪರಿಣತಿ ಬರುವುದಿಲ್ಲ; ಕೈಗೆ ಈಗ ಎಟುಕುವುದಕ್ಕಿಂತ ತುಸು ಕಷ್ಟವಾದುದನ್ನು ಗುರಿಯಾಗಿಟ್ಟುಕೊಂಡು, ತಪ್ಪು ಎಲ್ಲಿದೆ ಎಂಬುದು ಕೂಡಲೇ ತಿಳಿಯುವಂತೆ ಅಭ್ಯಾಸ ಮಾಡಿದರೆ ಬರುತ್ತದೆ. ನೀವು 11 ವರ್ಷ ಅಳೆದಿದ್ದೀರಿ, ಆದರೆ ಅಳತೆಯಿಂದ ನಿಮಗೇನು ತಿಳಿಯಿತು ಎಂದು ಯಾರೂ ಕೇಳಿಲ್ಲ. ಕೊರತೆ ಇರುವುದು ಅಲ್ಲಿ.

ಆದ್ದರಿಂದ ನಾಳೆಯಿಂದಲೇ ಒಂದು ಕೆಲಸ ಮಾಡಿ. ಇನ್ಸರ್ಟ್ (ಲೋಹ ಕತ್ತರಿಸುವ, ಬದಲಾಯಿಸಬಹುದಾದ ಅಲಗು) ಸವೆದಂತೆಲ್ಲ ಶಾಫ್ಟಿನ ಹೊರವ್ಯಾಸ ನಿಧಾನವಾಗಿ ದೊಡ್ಡದಾಗುತ್ತ ಹೋಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಹೊಸ ಇನ್ಸರ್ಟ್ ಹಾಕಿದ ಮೇಲೆ ಮೊದಲ ಹತ್ತು ಪೀಸುಗಳ ಅಳತೆಯನ್ನು ಸಾಲಾಗಿ ಬರೆದು, ಎಷ್ಟನೆಯ ಪೀಸಿಗೆ ಮಿತಿ ಮೀರುತ್ತದೆ ಎಂದು ಮುಂಚಿತವಾಗಿ ಬರೆದಿಡಿ. ಊಹೆ ತಪ್ಪಿದರೆ ಏಕೆ ತಪ್ಪಿತು ಎಂದು ಹುಡುಕಿ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಂಟ್ರೋಲ್ ಚಾರ್ಟನ್ನು (ಅಳತೆಗಳು ಸಹಜ ಏರಿಳಿತದೊಳಗೆ ಇವೆಯೇ ಎಂದು ತೋರಿಸುವ ನಕ್ಷೆ) ರೂಪಿಸಿದ್ದು ಇಂಥ ಸಾಲು ಅಳತೆಗಳನ್ನು ಓದುವುದಕ್ಕಾಗಿಯೇ. ಕೆಟ್ಟ ಪೀಸನ್ನು ಹಿಡಿಯುವವನಿಗಿಂತ, ಅದು ಯಾವಾಗ ಬರುತ್ತದೆ ಎಂದು ಹೇಳಬಲ್ಲವನ ಕೆಲಸ ಬಹಳ ದೊಡ್ಡದು. ಸಿಎಂಎಂ ಕಲಿಯುವ ಆಸೆಯಿದ್ದರೆ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ನಿಮ್ಮ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲೇ ಇದೆ; ಅಲ್ಪಾವಧಿ ಕೋರ್ಸುಗಳ ಬಗ್ಗೆ ಹೋಗಿ ವಿಚಾರಿಸಿ.

ಉತ್ತರ 2 (ಬಿಳೇಕಹಳ್ಳಿಯಿಂದ)

ಹಿರಿಯರ ಮಾತನ್ನು ಗೌರವದಿಂದ ಓದಿದೆ. ಆದರೆ ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಅಭ್ಯಾಸದ ಕುರಿತ ಅನೇಕ ಅಧ್ಯಯನಗಳನ್ನು 2014ರಲ್ಲಿ ಮನಶ್ಶಾಸ್ತ್ರಜ್ಞೆ ಬ್ರೂಕ್ ಮ್ಯಾಕ್‌ನಮಾರ ಮತ್ತು ಸಂಗಡಿಗರು ಒಟ್ಟುಗೂಡಿಸಿ ನೋಡಿದಾಗ, ಜನರ ನಡುವಿನ ಸಾಧನೆಯ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ಸಂಗೀತದಲ್ಲಿ ಶೇ 21ರಷ್ಟು, ಕ್ರೀಡೆಯಲ್ಲಿ ಶೇ 18ರಷ್ಟು ಇದ್ದರೆ, ಉದ್ಯೋಗಗಳಲ್ಲಿ ಶೇ 1ಕ್ಕಿಂತಲೂ ಕಡಿಮೆ ಕಂಡುಬಂತು. ಅಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಅಭ್ಯಾಸವೆಲ್ಲ ತಾವು ಹೇಳಿದ ಬಗೆಯದಲ್ಲ ಎಂದು ಎರಿಕ್‌ಸನ್ ಆಕ್ಷೇಪಿಸಿದ್ದರು ಎಂಬುದೂ ನಿಜ. ಆದರೂ ಕಚೇರಿ, ಕಾರ್ಖಾನೆಗಳಲ್ಲಿ ಒಬ್ಬರ ಬೆಳವಣಿಗೆಯ ಹೊಣೆಯನ್ನೆಲ್ಲ ಅವರ ಹೆಗಲ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಂಬತ್ತು ಜನರ ತಂಡವನ್ನು ನೋಡಿಕೊಳ್ಳುತ್ತೇನೆ. ತಂಡದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನೊಬ್ಬನಿದ್ದಾನೆ. ಎರಡು ವರ್ಷ ಮೀಟಿಂಗಿನಲ್ಲಿ ಅವನು ಒಂದೇ ಒಂದು ಮಾತಾಡಲಿಲ್ಲ. ಅವನಿಗೆ ಆಸಕ್ತಿ ಇಲ್ಲವೆಂದು ನಾನು ವಾರ್ಷಿಕ ಮೌಲ್ಯಮಾಪನದಲ್ಲಿ ಬರೆದೂಬಿಟ್ಟೆ. ಒಂದು ರಾತ್ರಿ ಸರ್ವರ್ ಕೆಟ್ಟು ನಾವಿಬ್ಬರೇ ಫೋನಿನಲ್ಲಿದ್ದಾಗ, ತೊಂದರೆ ಎಲ್ಲಿ ಹುಟ್ಟಿತು, ಹೇಗೆ ಹರಡಿತು ಎಂಬುದನ್ನು ಅವನು ಹತ್ತೇ ನಿಮಿಷದಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದ. ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. "ಮೇಡಂ, ಆ ಮೀಟಿಂಗಲ್ಲಿ ನಾನು ವಾಕ್ಯ ಜೋಡಿಸಿಕೊಳ್ಳೋ ಹೊತ್ತಿಗೆ ವಿಷಯವೇ ಮುಂದೆ ಹೋಗಿರುತ್ತೆ" ಎಂದ. ತಪ್ಪು ನನ್ನದಾಗಿತ್ತು. ಈಗ ನಮ್ಮ ಮೀಟಿಂಗಿನ ಮೊದಲ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಎಲ್ಲರೂ ತಮ್ಮ ತಮ್ಮ ಅಭಿಪ್ರಾಯ ಬರೆಯುತ್ತಾರೆ, ಬಳಿಕ ತಮಗೆ ಬರುವ ಭಾಷೆಯಲ್ಲಿ ವಿವರಿಸುತ್ತಾರೆ.

ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಯ ತಂಡಗಳನ್ನು ಗಮನಿಸಿದಾಗ, ಒಳ್ಳೆಯ ತಂಡಗಳಲ್ಲಿಯೇ ಔಷಧಿ ಕೊಡುವಾಗಿನ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಮುಂದೆ ತಯಾರಿಕಾ ಕಂಪನಿಯೊಂದರ 51 ತಂಡಗಳನ್ನು ನೋಡಿ ಅವರು 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲೂ, ಇಂಥ ನಿರ್ಭಯವಿರುವ ಕಡೆಯೇ ಕಲಿಕೆ ಹೆಚ್ಚೆಂದು ಕಂಡಿತು. ಕೆಲಸ ಬಿಡುವ ಮುನ್ನ, ನಿಮ್ಮ ಮೇಲ್ವಿಚಾರಕರ ಬಳಿ ಕನ್ನಡದಲ್ಲಿ, ನೀವು ಕಂಡದ್ದನ್ನು ಬರೆದ ಒಂದು ಹಾಳೆ ಕೈಯಲ್ಲಿ ಹಿಡಿದು, ಮಾತಾಡಲು ಐದು ನಿಮಿಷ ಸಮಯ ಕೇಳಿ. ಅದಕ್ಕೂ ಅವರು ಕಿವಿಗೊಡದಿದ್ದರೆ ಆಗ ಬೇರೆ ಕಡೆ ನೋಡುವುದು ಸರಿ.

ಉತ್ತರ 3 (ಮಲ್ಲೇಶ್ವರದಿಂದ)

ಶಿಬಿರದ ಉತ್ಸಾಹ ಆರಿಹೋದುದರ ಬಗ್ಗೆ ಶಿಕ್ಷಕಿಯಾಗಿ ಒಂದು ಮಾತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು, ಕೆಲವು ವಿದ್ಯಾರ್ಥಿಗಳಿಗೆ ಪಾಠವೊಂದನ್ನು ಮತ್ತೆ ಮತ್ತೆ ಓದಿಸಿದರು, ಉಳಿದವರಿಗೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿಸಿದರು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಿದ್ದರು. ನೀವು ಮೆಟ್ರೋದಲ್ಲಿ ಹೋಗುವವರಾದರೆ, ಪೀಣ್ಯದಿಂದ ರಾಜಾಜಿನಗರಕ್ಕೆ ಬರುವಷ್ಟರಲ್ಲಿ ಆ ದಿನ ತಿಳಿದುಕೊಂಡ ಒಂದು ಹೊಸ ಸಂಗತಿಯನ್ನು ಏನನ್ನೂ ನೋಡದೆ ಬರೆಯಿರಿ. ನನ್ನ ಮಕ್ಕಳಿಗೂ ಇದನ್ನೇ ಮಾಡಿಸುತ್ತೇನೆ.

ಪ್ರಶ್ನೆ ಕೇಳಿದವರ ಮಾತು

ಮೂವರಿಗೂ ಕೃತಜ್ಞನಾಗಿದ್ದೇನೆ. ಹಿರಿಯರು ಹೇಳಿದಂತೆ ಈ ವಾರ ಮೂರು ದಿನ ಬರೆದೆ. ಎರಡು ದಿನ ಊಹೆ ಹೆಚ್ಚು ಕಡಿಮೆ ಸರಿಹೋಯಿತು. ಮೂರನೆಯ ದಿನ, ಮಧ್ಯಾಹ್ನ ಊಟದ ನಂತರದ ಪೀಸುಗಳು ಲೆಕ್ಕಕ್ಕೇ ಸಿಗದಂತೆ ಬದಲಾದವು. ಆಪರೇಟರ್ ಅಣ್ಣನನ್ನು ಕೇಳಿದರೆ, "ಅರ್ಧ ಗಂಟೆ ನಿಂತರೆ ಯಂತ್ರದ ತಿರುಗೋ ಸ್ಪಿಂಡಲ್ ತಣ್ಣಗಾಗಿರುತ್ತೆ, ಬಿಸಿಯಾಗೋವರೆಗೂ ಐದಾರು ಪೀಸು ಹಂಗೇ ಬರುತ್ತೆ, ನಿಂಗೆ ಗೊತ್ತಿರಲಿಲ್ವಾ?" ಎಂದರು. ನನಗೆ ಗೊತ್ತಿರಲಿಲ್ಲ. ಅವರ ಯಂತ್ರಕ್ಕೂ ನನ್ನ ಸ್ಟೂಲಿಗೂ ಇರುವುದು ಇಪ್ಪತ್ತು ಹೆಜ್ಜೆ. ಸೋಮವಾರ ಈ ಹಾಳೆಯನ್ನು ಮೇಲ್ವಿಚಾರಕರಿಗೆ ತೋರಿಸಬೇಕೆಂದಿದ್ದೇನೆ. ಸರ್, ಚಾರ್ಟ್ ಹಾಕುವಾಗ ಎಷ್ಟು ಪೀಸುಗಳನ್ನು ಒಂದು ಗುಂಪಾಗಿ ಮಾಡಬೇಕು?

ಉತ್ತರ 4 (ಜಾಲಹಳ್ಳಿಯಿಂದ)

ಒಂದರ ಹಿಂದೆ ಒಂದು ಬಂದ ಐದು ಪೀಸುಗಳು ಸಾಕು. ಸರಾಸರಿಯನ್ನೂ, ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಇರುವ ಅಂತರವನ್ನೂ ಬೇರೆ ಬೇರೆ ಗೆರೆಗಳಲ್ಲಿ ಗುರುತಿಸಿ. ಊಟದ ನಂತರದ ಪೀಸುಗಳನ್ನು ಬೆಳಗಿನವುಗಳ ಜೊತೆ ಬೆರೆಸಬೇಡಿ. ಆಪರೇಟರ್ ಹೇಳಿದ ಮಾತನ್ನೂ ಅವರ ಹೆಸರಿನೊಂದಿಗೆ ಹಾಳೆಯಲ್ಲಿ ಬರೆಯಿರಿ, ಸಾಧ್ಯವಾದರೆ ಸೋಮವಾರ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.